ಎದೆ ಒಡೆದುಕೊಂಡ ಹುಡುಗಿ

ಯಲವಿಗಿ, ಸವಣೂರು, ಹಾನಗಲ್ಲು ಸೀಮೆಯಲ್ಲಿ ಗಟ್ಟಿಮುಟ್ಟಾಗಿದ್ದವನೊಬ್ಬ ಭೀತಿಗೆ ಸಿಕ್ಕು ತಟಕ್ಕನೆ ಪ್ರಾಣ ಬಿಟ್ಟರೆ ಜನ ಒಂದೇ ಮಾತಿನಲ್ಲಿ ಕಾರಣ ಹೇಳಿ ಮುಗಿಸುತ್ತಿದ್ದರು: ‘ಎದಿ ಒಡಕೊಂಡು ಸತ್ತ.’ 1957ರಲ್ಲಿ ಹುಬ್ಬಳ್ಳಿಯಲ್ಲಿ ಮೆಡಿಕಲ್ ಕಾಲೇಜು ಶುರುವಾದ ಮೇಲೆ, ಯಲವಿಗಿ ಸ್ಟೇಶನ್ನಿನಲ್ಲಿ ಗಾಡಿ ಹತ್ತಿ ಆಪರೇಶನ್ನಿಗೆ ಹೊರಟವರ ಜೊತೆ ಈ ಮಾತೂ ಗಾಡಿ ಹತ್ತಿತು. ಕತ್ತರಿ ಚಾಕುಗಳಿಗಿಂತ ಮತ್ತು ಬರಿಸುವ ಗಳಿಗೆಯೇ ಅವರಿಗೆ ದೊಡ್ಡ ಅಂಜಿಕೆ. ಮಲಗಿಸಿದವರು ಎಬ್ಬಿಸುತ್ತಾರೋ ಇಲ್ಲವೋ! ಕಲಿತವರು ಅದನ್ನು ಹಳ್ಳಿಗರ ಭ್ರಮೆ ಎಂದು ನಕ್ಕರು. ಆದರೆ ಆ ಹೊತ್ತಿಗಾಗಲೇ ವಿಜ್ಞಾನ ಆ ಮಾತನ್ನು ಹೆಚ್ಚುಕಡಿಮೆ ಒಪ್ಪಿಕೊಂಡಾಗಿತ್ತು. ಒಪ್ಪಿಕೊಳ್ಳಲು ಅದಕ್ಕೆ 63 ವರ್ಷ ಬೇಕಾಯಿತು. ಒಬ್ಬ ಹುಡುಗಿ, ನೂರಾರು ನಾಯಿಗಳು, ಒಬ್ಬ ನಿಜಾಮ, ಕೊನೆಗೆ ಎರಡು ಖಂಡಗಳ ಬೆಕ್ಕುಗಳು ಆ ಸಾಕ್ಷಿಗೆ ಬಂದು ನಿಂತವು.

ಹುಡುಗಿಯ ಹೆಸರು ಹಾನಾ ಗ್ರೀನರ್. ಇಂಗ್ಲೆಂಡಿನ ನ್ಯೂಕ್ಯಾಸಲ್ ಬಳಿಯ ವಿನ್ಲಾಟನ್ ಎಂಬ ಊರಿನವಳು, ವಯಸ್ಸು ಹದಿನೈದು. ಕಾಲಿನ ಹೆಬ್ಬೆರಳ ಉಗುರು ಒಳಮುಖವಾಗಿ ಬೆಳೆದು ಕೀವು ಕಟ್ಟಿತ್ತು. ಕೆಲವು ತಿಂಗಳ ಹಿಂದೆ ಇನ್ನೊಂದು ಕಾಲಿನ ಉಗುರನ್ನು ನ್ಯೂಕ್ಯಾಸಲ್ ಆಸ್ಪತ್ರೆಯಲ್ಲಿ ಈಥರ್ ಮೂಸಿಸಿ ತೆಗೆದಿದ್ದರು. ಆಗ ಅವಳಿಗೆ ಏನೂ ಆಗಿರಲಿಲ್ಲ. ಈ ಸಲ ಡಾಕ್ಟರರೇ ಮನೆಗೆ ಬಂದರು. ಅವರ ಬಳಿ ಈಥರಿಗಿಂತ ಹೊಸದಾದ, ಸಿಹಿ ವಾಸನೆಯ ಕ್ಲೋರೋಫಾರ್ಮ್ ಇತ್ತು. ಎಡಿನ್‌ಬರೋದ ಜೇಮ್ಸ್ ಯಂಗ್ ಸಿಂಪ್ಸನ್ 1847ರ ನವೆಂಬರ್ 4ರ ರಾತ್ರಿ ಗೆಳೆಯರಿಬ್ಬರ ಜೊತೆ ಊಟದ ಮೇಜಿನ ಸುತ್ತ ಕೂತು ಅದನ್ನು ಮೂಸಿ, ಮೂವರೂ ಮೇಜಿನಡಿ ಉರುಳಿ ಇನ್ನೂ ಮೂರು ತಿಂಗಳು ತುಂಬಿರಲಿಲ್ಲ.

1848ರ ಜನವರಿ 28. ಹಾನಾ ಹಿಂದಿನ ದಿನದಿಂದಲೇ ಕೊರಗುತ್ತಿದ್ದಳು. ಬೆಂಕಿಗೂಡಿನ ಎದುರು ಕುರ್ಚಿಯಲ್ಲಿ ಕೂರಿಸಿದಾಗ ಬಿಕ್ಕುತ್ತಿದ್ದಳು. ಡಾಕ್ಟರ್ ಮೆಗಿಸನ್ ಒಂದು ಚಮಚೆಯಷ್ಟು ಕ್ಲೋರೋಫಾರ್ಮನ್ನು ಬಟ್ಟೆಗೆ ಸುರಿದು ಮೂಗಿಗೆ ಹಿಡಿದರು. ಎರಡು ಉಸಿರೆಳೆದು ಅವಳು ಅವರ ಕೈ ಸರಿಸಿದಳು. ಸಮಾಧಾನ ಹೇಳಿ ಮತ್ತೆ ಹಿಡಿದರು. ಅರ್ಧ ನಿಮಿಷದಲ್ಲಿ ತೋಳು ಬಿಗಿಯಿತು. ಸಹಾಯಕ ಲಾಯ್ಡ್ ಉಗುರಿನ ಸುತ್ತ ಚಾಕು ಆಡಿಸಿದ್ದೇ ತಡ, ಹುಡುಗಿ ಕಾಲು ಝಾಡಿಸಿದಳು. ಅಂದರೆ ಮತ್ತು ಪೂರ್ತಿ ಏರಿರಲಿಲ್ಲ. ಮರುಕ್ಷಣ ತುಟಿ ಬಿಳಿಚಿಕೊಂಡಿತು, ಬಾಯಲ್ಲಿ ನೊರೆ ಬಂತು. ಮುಖಕ್ಕೆ ನೀರು ಎರಚಿದರು, ಬಾಯಿಗೆ ಬ್ರಾಂದಿ ಹಾಕಿದರು, ನೆಲಕ್ಕೆ ಮಲಗಿಸಿ ರಕ್ತನಾಳ ಕೊಯ್ದರು. ರಕ್ತ ಹರಿಯಲಿಲ್ಲ. ಬಟ್ಟೆ ಮೂಗಿಗೆ ಹಿಡಿದಾಗಿನಿಂದ ಸಾವಿನವರೆಗೆ ಆದದ್ದು ಸುಮಾರು ಮೂರು ನಿಮಿಷ. ಒಂದು ಕಾಲುಗುರಿಗಾಗಿ!

ಕ್ಲೋರೋಫಾರ್ಮಿನ ಮೊದಲ ಬಲಿ ಎಂದು ಅವಳ ಹೆಸರು ದಾಖಲೆಗೆ ಹೋಯಿತು, ಜಗಳವೂ ಶುರುವಾಯಿತು. ಸಿಂಪ್ಸನ್ ತನ್ನ ಮಗುವಿನಂಥ ಔಷಧಿಯ ಮೇಲೆ ತಪ್ಪು ಬೀಳಲು ಬಿಡಲಿಲ್ಲ. ಮತ್ತಿನಲ್ಲಿದ್ದವಳ ಗಂಟಲಿಗೆ ನೀರು, ಬ್ರಾಂದಿ ಸುರಿದು ಉಸಿರು ಕಟ್ಟಿಸಿದ್ದೇ ಕಾರಣ ಎಂದರು. ಲಂಡನ್ನಿನ ಜಾನ್ ಸ್ನೋ ಒಪ್ಪಲಿಲ್ಲ. ಕಾಲರಾ ನೀರಿನಿಂದ ಹರಡುತ್ತದೆಂದು ಮುಂದೆ 1854ರಲ್ಲಿ ಬ್ರಾಡ್ ಸ್ಟ್ರೀಟಿನ ಪಂಪಿನ ಕತೆಯಿಂದ ತೋರಿಸಿಕೊಟ್ಟ ಅದೇ ಸ್ನೋ. ಕ್ಲೋರೋಫಾರ್ಮಿನ ಗಾಢ ಆವಿ ನೇರವಾಗಿ ಹೃದಯವನ್ನು ನಿಲ್ಲಿಸಿತು ಎಂಬುದು ಅವನ ವಾದ. ಅವನು ಹಟದಿಂದ ಸಾವುಗಳ ಲೆಕ್ಕ ಇಡುತ್ತ ಹೋದ. 1858ರಲ್ಲಿ ಅವನು ತೀರಿಕೊಂಡ ಮೇಲೆ ಹೊರಬಂದ ಪುಸ್ತಕದಲ್ಲಿ 50 ಸಾವುಗಳ ವಿವರ ಇತ್ತು.

ವರ್ಷ ಕಳೆದಂತೆ ಆ ಪಟ್ಟಿ ಉದ್ದವಾಯಿತು, ಒಗಟೂ ಬೆಳೆಯಿತು. ಗಂಟೆಗಟ್ಟಲೆ ನಡೆಯುವ ದೊಡ್ಡ ಆಪರೇಶನ್ನುಗಳಲ್ಲಿ ಸಾಯಬೇಕಾದವರು ಬದುಕುತ್ತಿದ್ದರು. ಹಲ್ಲು ಕೀಳಿಸಿಕೊಳ್ಳಲು, ಉಗುರು ತೆಗೆಸಿಕೊಳ್ಳಲು ಬಂದ ಆರೋಗ್ಯವಂತರು ಸಾಯುತ್ತಿದ್ದರು. ಅದೂ ಮತ್ತು ಪೂರ್ತಿ ಏರುವ ಮೊದಲೇ, ಮೊದಲ ಕೆಲವೇ ನಿಮಿಷಗಳಲ್ಲಿ. ‘ಹೆದರಿಕೆಯಿಂದ ಸತ್ತಿರಬೇಕು’ ಎಂದು ಕೆಲವು ಡಾಕ್ಟರರು ಗೊಣಗಿದ್ದುಂಟು. ಆದರೆ ತಪ್ಪು ಮುಚ್ಚಿಕೊಳ್ಳುವವರ ನೆವದಂತೆ ಕೇಳಿಸುತ್ತಿದ್ದ ಆ ಮಾತಿಗೆ ಪುರಾವೆ ಎಲ್ಲಿತ್ತು? ಎಡಿನ್‌ಬರೋದಲ್ಲೇ ಒಂದು ಘಟನೆ ನಡೆದಿತ್ತು. ಕ್ಲೋರೋಫಾರ್ಮ್ ಬಂದ ಹೊಸದರಲ್ಲಿ ಹರ್ನಿಯಾ ರೋಗಿಯೊಬ್ಬನಿಗೆ ಅದನ್ನು ಕೊಡಬೇಕೆಂದಿದ್ದರು, ಯಾಕೋ ಕೊಡಲಾಗಲಿಲ್ಲ. ಎಚ್ಚರವಿದ್ದವನ ಮೇಲೆ ಮೊದಲ ಗೀರು ಹಾಕುತ್ತಲೇ ಅವನು ಸತ್ತ. ಅಂದು ಬಾಟಲಿ ಕೈಗೆ ಸಿಕ್ಕಿದ್ದರೆ ಕ್ಲೋರೋಫಾರ್ಮಿನ ಕತೆ ಹುಟ್ಟಿದ ತಿಂಗಳೇ ಮುಗಿಯುತ್ತಿತ್ತು. ಸುಳಿವು ಕಣ್ಣೆದುರೇ ಬಿದ್ದಿತ್ತು, ಎತ್ತಿಕೊಳ್ಳುವವರಿರಲಿಲ್ಲ.

ಕತೆ ಅಲ್ಲಿಂದ ಹೈದರಾಬಾದಿಗೆ ಬಂತು.

ಎಡ್ವರ್ಡ್ ಲಾರಿ ಎಂಬ ಸರ್ಜನ್ ಅಲ್ಲಿನ ಬ್ರಿಟಿಷ್ ರೆಸಿಡೆನ್ಸಿಯ ವೈದ್ಯನಾಗಿ, ಮೆಡಿಕಲ್ ಸ್ಕೂಲಿನ ಮುಖ್ಯಸ್ಥನಾಗಿ ಬಂದಿದ್ದ. ಎಡಿನ್‌ಬರೋದಲ್ಲಿ ಜೇಮ್ಸ್ ಸೈಮ್ ಎಂಬ ಗುರುವಿನ ಕೈಯಲ್ಲಿ ಪಳಗಿದವನು. ಗುರು ಹೇಳಿದ ಪಾಠ ಒಂದೇ: ಕ್ಲೋರೋಫಾರ್ಮ್ ಕೊಡುವಾಗ ನಾಡಿಯ ಗೊಡವೆ ಬೇಡ, ಉಸಿರಾಟದ ಮೇಲೆ ಕಣ್ಣಿಡು. ಲಾರಿಗೆ ಅದು ವೇದವಾಕ್ಯ. ತನ್ನ ಆಸ್ಪತ್ರೆಯಲ್ಲಿ ಸಾವಿರಾರು ಜನರಿಗೆ ಕ್ಲೋರೋಫಾರ್ಮ್ ಕೊಟ್ಟರೂ ಸಾವು ಕಂಡಿಲ್ಲ ಎಂದು ಅವನು ಎದೆ ತಟ್ಟಿ ಹೇಳುತ್ತಿದ್ದ. ಆ ಸ್ಕೂಲಿನ ಮೊದಲ ವಿದ್ಯಾರ್ಥಿನಿಯರಲ್ಲಿ ಒಬ್ಬಳಾದ ರೂಪಾಬಾಯಿ ಫರ್ದೂನ್‌ಜಿ ಮುಂದೆ ಕ್ಲೋರೋಫಾರ್ಮ್ ಕೊಡುವುದನ್ನೇ ವೃತ್ತಿ ಮಾಡಿಕೊಂಡು ಹೆಸರಾದಳು. ಲಾರಿಯ ಕೈಕೆಳಗೆ ಕಲಿತವರ ಕಸುಬಿನಲ್ಲಿ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಅನುಮಾನದಲ್ಲಿ.

1888ರಲ್ಲಿ ಲಾರಿ ನಾಯಿಗಳ ಮೇಲೆ ಪ್ರಯೋಗ ಮಾಡಿಸಿದ. ಪ್ರತಿ ಸಲವೂ ಉಸಿರು ಮೊದಲು ನಿಂತು ಹೃದಯ ಆಮೇಲೆ ನಿಂತಿತು. ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆ ನಂಬಲಿಲ್ಲ. ಲಾರಿ ಕೆರಳಿದ, ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಬಳಿಗೆ ಹೋದ. ನಿಮ್ಮವನೊಬ್ಬನನ್ನು ಕಳಿಸಿ, ಕಣ್ಣಾರೆ ನೋಡಲಿ ಎಂದು ಪತ್ರಿಕೆಗೆ ಹೇಳಿ ಕಳಿಸಿ ನಿಜಾಮರು 1000 ಪೌಂಡು ಕೊಟ್ಟರು. ಆ ಖಜಾನೆಯಲ್ಲಿ ಬೀದರ, ಕಲಬುರಗಿ, ರಾಯಚೂರಿನ ರೈತರು ಕಟ್ಟಿದ ಕಂದಾಯವೂ ಇತ್ತು. ವೈದ್ಯಶಾಸ್ತ್ರದ ಒಂದು ಜಗಳಕ್ಕೆ ಕನ್ನಡ ನಾಡಿನ ಜೋಳದ ಹೊಲಗಳು ಹೀಗೆ ಗೊತ್ತಿಲ್ಲದೆಯೇ ವಂತಿಗೆ ಕೊಟ್ಟವು.

1889ರಲ್ಲಿ ಬಂದವರು ಲಾಡರ್ ಬ್ರಂಟನ್. ಸಾಧಾರಣ ಆಳಲ್ಲ, ಎದೆನೋವಿಗೆ ಅಮೈಲ್ ನೈಟ್ರೈಟ್ ಕೊಡಬಹುದೆಂದು 1867ರಲ್ಲೇ ಕಂಡುಹಿಡಿದವರು. ಕ್ಲೋರೋಫಾರ್ಮ್ ಹೃದಯಕ್ಕೇ ಪೆಟ್ಟು ಕೊಡಬಲ್ಲದು ಎಂಬ ಅನುಮಾನ ಹೊತ್ತೇ ಹಡಗು ಹತ್ತಿದ್ದರು. ವಾರಗಟ್ಟಲೆ ಪ್ರಯೋಗ ನಡೆಯಿತು. ನಾಯಿ, ಕೋತಿ, ಕುದುರೆ, ಮೇಕೆ, ಬೆಕ್ಕು, ಮೊಲ, ಹೀಗೆ ನೂರಾರು ಪ್ರಾಣಿಗಳು ಮೇಜಿಗೆ ಬಂದವು. ಮಸಿ ಹಿಡಿದ ಕಾಗದದ ಮೇಲೆ ರಕ್ತದೊತ್ತಡದ ಗೆರೆಗಳು ಏರಿಳಿದವು. ಪ್ರತಿ ಸಲವೂ ಅದೇ ಫಲ. ಉಸಿರು ಮೊದಲು, ಹೃದಯ ಆಮೇಲೆ. ಬ್ರಂಟನ್ ಸೋಲೊಪ್ಪಿಕೊಂಡು ಲಂಡನ್ನಿಗೆ ತಂತಿ ಹೊಡೆದರು: ಅಪಾಯವೇನಿದ್ದರೂ ಉಸಿರು ಕಟ್ಟುವುದರಿಂದ, ಪ್ರಮಾಣ ಮೀರುವುದರಿಂದ, ಹೃದಯಕ್ಕೆ ನೇರ ಅಪಾಯವೇ ಇಲ್ಲ.

ಹೈದರಾಬಾದಿನಲ್ಲಿ ಸಂಭ್ರಮ. ನಾಡಿಯ ಗೊಡವೆ ಬೇಡ ಎನ್ನುವ ಡಾಕ್ಟರರಿಗೆ ಬಲ ಬಂತು. ಆದರೆ ಹಲ್ಲು ಕೀಳಿಸಿಕೊಳ್ಳಲು ಬಂದವರು ಮೊದಲಿನಂತೆಯೇ ಸಾಯುತ್ತಿದ್ದರು.

ಪ್ರಯೋಗ ಸುಳ್ಳಾಗಿರಲಿಲ್ಲ, ಕೇಳಿದ ಪ್ರಶ್ನೆ ತಪ್ಪಾಗಿತ್ತು. ಹೈದರಾಬಾದಿನ ನಾಯಿಗಳಿಗೆ ಕ್ಲೋರೋಫಾರ್ಮನ್ನು ಆಳವಾಗಿ, ಪ್ರಮಾಣ ಮೀರುವವರೆಗೆ ಕೊಟ್ಟಿದ್ದರು. ಹಾನಾ ಸತ್ತದ್ದು ಅರ್ಧ ಮತ್ತಿನಲ್ಲಿ, ಅಳುತ್ತ. ತನ್ನ ಮಾತಿನ ಹೊರಗೆ ಬೇರೇನೂ ಇರಬಹುದೆಂದು ಯೋಚಿಸುವ ಜಾಯಮಾನ ಲಾರಿಯದಾಗಿರಲಿಲ್ಲ. ಮಲೇರಿಯಾಕ್ಕೆ ರಕ್ತದಲ್ಲಿನ ಒಂದು ಜೀವಾಣು ಕಾರಣ ಎಂಬುದನ್ನೂ ಅವನು ಅಲ್ಲಗಳೆದ. ಬೆಂಗಳೂರಿನಿಂದ ಬಂದ ರೊನಾಲ್ಡ್ ರಾಸ್ 1897ರ ಆಗಸ್ಟ್ 20ರಂದು ಸೊಳ್ಳೆಯ ಹೊಟ್ಟೆಯಲ್ಲಿ ಆ ಜೀವಾಣುವಿನ ಗುರುತು ಕಂಡದ್ದು ಲಾರಿಯ ಮನೆಯಂಗಳದಂತಿದ್ದ ಸಿಕಂದರಾಬಾದಿನಲ್ಲೇ!

ನಿಜವಾದ ಸುಳಿವು ಬಂದದ್ದು ಯಾರೂ ಊಹಿಸದ ಕಡೆಯಿಂದ. ಅಮೆರಿಕದ ಹಾರ್ವರ್ಡಿನಲ್ಲಿ ವಾಲ್ಟರ್ ಕ್ಯಾನನ್ ಎಂಬ ವೈದ್ಯ ವಿದ್ಯಾರ್ಥಿಗೆ 1896ರ ಕೊನೆಯಲ್ಲಿ ಗುರುಗಳು ಒಂದು ಕೆಲಸ ಹಚ್ಚಿದರು: ಎಕ್ಸ್-ರೇ ಬಂದು ವರ್ಷವಾಗಿದೆ, ನುಂಗಿದ ಕೂಳು ಹೊಟ್ಟೆಯಲ್ಲಿ ಹೇಗೆ ಚಲಿಸುತ್ತದೆ ನೋಡು. ಅವನು ನಾಯಿಗೆ ಮುತ್ತಿನ ಗುಂಡಿಯೊಂದನ್ನು ನುಂಗಿಸಿ ಅದು ಗಂಟಲಿಳಿಯುವುದನ್ನು ನೋಡಿದ. ಆಮೇಲೆ ಬೆಕ್ಕುಗಳ ಕೂಳಿಗೆ ಬಿಸ್ಮತ್ ಕಲಸಿ, ಹೊಟ್ಟೆ ಅಲೆಯಲೆಯಾಗಿ ಹಿಂಡುವುದನ್ನು ಪರದೆಯ ಮೇಲೆ ಕಂಡ. ಆದರೆ ಒಂದು ತೊಡಕು ಅವನನ್ನು ಮತ್ತೆ ಮತ್ತೆ ಕಾಡಿತು. ವಯಸ್ಸಾದ ಹೆಣ್ಣು ಬೆಕ್ಕುಗಳು ಕಟ್ಟಿಹಾಕಿದರೂ ಗುರುಗುಟ್ಟುತ್ತ ಸುಖವಾಗಿ ಮಲಗುತ್ತಿದ್ದವು, ಹೊಟ್ಟೆ ತನ್ನ ಕೆಲಸ ಮಾಡುತ್ತಿತ್ತು. ಗಂಡು ಬೆಕ್ಕುಗಳು ಕೊಸರಾಡುತ್ತಿದ್ದವು, ಅವುಗಳ ಹೊಟ್ಟೆ ಗಪ್ಪನೆ ನಿಂತುಬಿಡುತ್ತಿತ್ತು. ಬೇರೆಯವನಾಗಿದ್ದರೆ ‘ಈ ಬೆಕ್ಕು ಪ್ರಯೋಗಕ್ಕೆ ಬರದು’ ಎಂದು ಹೊರಗೆ ಬಿಡುತ್ತಿದ್ದ. ಕ್ಯಾನನ್ ತನ್ನ ಕೆಲಸ ಕೆಡಿಸಿದ ಆ ಬೆಕ್ಕನ್ನೇ ಹಿಡಿದುಕೊಂಡ. ಕಣ್ಣಿಗೆ ಕಾಣದ ಅಂಜಿಕೆ ಹೊಟ್ಟೆಯ ಸ್ನಾಯುವಿನವರೆಗೆ ಇಳಿದದ್ದಾದರೂ ಯಾವ ದಾರಿಯಿಂದ?

ಅದಕ್ಕೆ ಉತ್ತರ ಹುಡುಕಲು ಹದಿನಾಲ್ಕು ವರ್ಷ ಹಿಡಿಯಿತು. ಎಕ್ಸ್-ರೇ ಅವನ ಚರ್ಮವನ್ನು ಸುಟ್ಟಿತ್ತು, ಅದರ ತಾಪ ಕೊನೆಯವರೆಗೂ ಬಿಡಲಿಲ್ಲ. ಅಷ್ಟರಲ್ಲಿ ಮೂತ್ರಪಿಂಡದ ನೆತ್ತಿಯ ಮೇಲೆ ಕೂತ ಪುಟ್ಟ ಗ್ರಂಥಿಯ ರಸವನ್ನು ಜಪಾನಿನ ಜೋಕಿಚಿ ತಕಾಮಿನೆ 1901ರಲ್ಲಿ ಹರಳಾಗಿ ಬೇರ್ಪಡಿಸಿದ್ದ. ಅದೇ ಅಡ್ರಿನಾಲಿನ್. 1911ರಲ್ಲಿ ಕ್ಯಾನನ್ ಮತ್ತು ಫಿಲಿಪೀನ್ಸ್‌ನಿಂದ ಬಂದಿದ್ದ ಡೇನಿಯಲ್ ಡೆ ಲಾ ಪಾಸ್ ಒಂದು ಬೆಕ್ಕಿನ ರಕ್ತವನ್ನು ಅದು ಆರಾಮವಾಗಿದ್ದಾಗ ಒಮ್ಮೆ, ಎದುರು ನಾಯಿ ಬೊಗಳಿದ ಮೇಲೆ ಒಮ್ಮೆ ತೆಗೆದರು. ಕರುಳಿನ ಒಂದು ತುಂಡನ್ನು ಮೊದಲ ರಕ್ತದಲ್ಲಿ ತೂಗುಬಿಟ್ಟರೆ ಅದು ತನ್ನ ಪಾಡಿಗೆ ಕುಗ್ಗುತ್ತ ಹಿಗ್ಗುತ್ತ ಇತ್ತು. ಎರಡನೆಯ ರಕ್ತಕ್ಕೆ ಹಾಕಿದೊಡನೆ ಸಡಿಲಾಗಿ ಜೋತುಬಿತ್ತು. ಅಡ್ರಿನಾಲಿನ್ ಹಾಕಿದಾಗಲೂ ಅದು ಹೀಗೇ ಮಾಡುತ್ತಿತ್ತು. ಅಂಜಿಕೆ ಬರೀ ಮನಸ್ಸಿನ ಮಾತಾಗಿ ಉಳಿಯಲಿಲ್ಲ. ಅದನ್ನು ಪಿಚಕಾರಿಯಲ್ಲಿ ಎಳೆದು ಗಾಜಿನ ಕೊಳವೆಗೆ ಹಾಕಬಹುದಾಗಿತ್ತು.

ಅದೇ 1911. ಲಂಡನ್ನಿನಲ್ಲಿ ಗುಡ್‌ಮನ್ ಲೆವಿ ಎಂಬ ಅರಿವಳಿಕೆ ವೈದ್ಯ ತನ್ನ ಬೆಕ್ಕುಗಳೊಂದಿಗೆ ಕೂತಿದ್ದ. ಕ್ಲೋರೋಫಾರ್ಮ್ 2 ಪ್ರತಿಶತ ಮೀರದಿದ್ದರೆ ಸಾಕು, ಅಪಾಯವಿಲ್ಲ ಎಂದು ಬ್ರಿಟಿಷ್ ವೈದ್ಯರ ಸಮಿತಿಯೊಂದು ಹತ್ತು ವರ್ಷ ಕೂತು ತೀರ್ಮಾನಿಸಿ ಆಗಷ್ಟೇ ಎದ್ದಿತ್ತು. ಲೆವಿ ಎಲ್ಲರೂ ಹೋದ ದಾರಿ ಬಿಟ್ಟ. ಹೆಚ್ಚು ಕೊಟ್ಟರೆ ಏನಾಗುತ್ತದೆ ಎಂದು ಹೈದರಾಬಾದಿನವರು ನೋಡಿದ್ದರು. ಕಡಿಮೆ ಕೊಟ್ಟರೆ ಏನಾಗುತ್ತದೆ ಎಂದು ಇವನು ನೋಡಿದ. ತೀರಾ ಹಗುರ ಮತ್ತಿನಲ್ಲಿ ಬೆಕ್ಕಿನ ಹೃದಯ ತಾಳ ತಪ್ಪುವುದು ಕಾಣಿಸಿತು. ಆಗ ಮೂಗಿನ ಆಪರೇಶನ್ನುಗಳಲ್ಲಿ ರಕ್ತ ನಿಲ್ಲಿಸಲು ಸರ್ಜನ್ನರು ಅಡ್ರಿನಾಲಿನ್ ಬಳಸತೊಡಗಿದ್ದರು. ಅದನ್ನೇ ಚೂರು ಹಗುರ ಮತ್ತಿನ ಬೆಕ್ಕಿಗೆ ಚುಚ್ಚಿದ. ಬೆಕ್ಕು ತಟ್ಟನೆ ಸತ್ತಿತು. ಹೃದಯ ನಿಂತಿರಲಿಲ್ಲ, ಬಡಿಯುವುದನ್ನು ಬಿಟ್ಟು ಕುದಿಯುವ ನುಚ್ಚಿನಂತೆ ಅಲ್ಲಲ್ಲೇ ತಕತಕ ಅದುರುತ್ತಿತ್ತು. ಅಷ್ಟೇ ಅಡ್ರಿನಾಲಿನ್ನನ್ನು ಆಳವಾದ ಮತ್ತಿನಲ್ಲಿದ್ದ ಬೆಕ್ಕಿಗೆ ಕೊಟ್ಟರೆ ಅದು ಬದುಕಿತು.

ಲೆವಿ ಮತ್ತೆ ಮತ್ತೆ ಮಾಡಿ ನೋಡಿದ. ಹೃದ್ರೋಗ ತಜ್ಞ ಥಾಮಸ್ ಲೂಯಿಸ್ ಜೊತೆಗೂಡಿ ಹೃದಯದ ಗೆರೆಗಳನ್ನು ದಾಖಲಿಸಿದ. ಹಿರಿಯರು ಸುಲಭಕ್ಕೆ ಒಪ್ಪಲಿಲ್ಲ. ಬೆಕ್ಕಿಗಾದದ್ದು ಮನುಷ್ಯನಿಗೂ ಆಗಬೇಕೆಂದೇನಿದೆ ಎಂದರು. ಅವನ ಮಾತು ಅವರಿಗೆ ಕಹಿಯಾಗಿದ್ದು ಸಹಜವೇ. ಹೆದರಿದ ರೋಗಿಗೆ, ಪುಟ್ಟ ಆಪರೇಶನ್ನಿಗೆ, ನಾಲ್ಕೇ ಹನಿ ಸಾಕು ಎಂದು ಹುಷಾರಾಗಿ ಕೈ ಹಿಡಿದ ಡಾಕ್ಟರನ ಆ ಹುಷಾರೇ ಕೊಂದಿತ್ತು ಎಂದು ಅವನು ಹೇಳಬೇಕಾಗಿತ್ತು. ಹತ್ತು ವರ್ಷಕ್ಕೂ ಹೆಚ್ಚು ಕಾಲ ವಾದಿಸಿ 1922ರಲ್ಲಿ ಅವನು ಅದನ್ನು ಪುಸ್ತಕ ಮಾಡಿದ.

ಕ್ಯಾನನ್‌ನ ಬೆಕ್ಕನ್ನೂ ಲೆವಿಯ ಬೆಕ್ಕನ್ನೂ ಅಕ್ಕಪಕ್ಕ ಇಟ್ಟಾಗ ಒಗಟು ಬಿಚ್ಚಿಕೊಂಡಿತು. ಕ್ಲೋರೋಫಾರ್ಮ್ ಹೃದಯದ ಸ್ನಾಯುವನ್ನು ಅಡ್ರಿನಾಲಿನ್ನಿಗೆ ಅತಿ ಸೂಕ್ಷ್ಮವಾಗಿಸುತ್ತದೆ. ಲೆವಿ ಹೊರಗಿನಿಂದ ಚುಚ್ಚಿದ ವಸ್ತುವನ್ನು ಅಂಜಿದ ಮೈ ತಾನೇ ಒಳಗಿನಿಂದ ಸುರಿಸುತ್ತದೆ. ಮತ್ತು ಅರೆಬರೆ ಇರುವಾಗ ಭೀತಿಯ ಅಲೆಯ ಮೇಲೆ ಚಾಕುವಿನ ನೋವೂ ಸೇರಿದರೆ ಹೃದಯದ ತಾಳ ಒಡೆಯುತ್ತದೆ. ಹಾನಾಳ ಸಾವಿಗೆ ಇದೇ ಕಾರಣ ಎಂದು ಆಣೆ ಮಾಡಿ ಹೇಳಲು ಈಗ ಬಾರದು. ಆದರೆ ಅಳು, ಅರ್ಧ ನಿಮಿಷದ ಮತ್ತು, ಗೀರು, ಕಾಲಿನ ಝಾಡಿಕೆ ಎಲ್ಲವೂ ಸಾಲಾಗಿ ಲೆವಿಯ ಬೆಕ್ಕಿನ ಪಕ್ಕಕ್ಕೇ ಹೋಗಿ ನಿಂತವು. ಎದಿ ಒಡಕೊಂಡು ಸತ್ತಳು ಎಂದಿದ್ದರೆ ತೀರಾ ತಪ್ಪಾಗುತ್ತಿರಲಿಲ್ಲ.

ಅಮೆರಿಕದ ಕ್ಲೀವ್‌ಲೆಂಡಿನಲ್ಲಿ ಜಾರ್ಜ್ ಕ್ರೈಲ್ ಎಂಬ ಸರ್ಜನ್ ಅದೇ ಕಾಲದಲ್ಲಿ ತನ್ನದೇ ಒಂದು ಉಪಾಯ ಹೂಡಿದ್ದ. ಥೈರಾಯ್ಡ್ ಗ್ರಂಥಿ ಕೆರಳಿ ಕುತ್ತಿಗೆ ಊದಿದ ರೋಗಿಗಳು ಆಪರೇಶನ್ ಎಂಬ ಮಾತು ಕಿವಿಗೆ ಬಿದ್ದರೇ ಜ್ವರವೇರಿ, ನಾಡಿ ಓಡಿ, ಕೆಲವರು ಸಾಯುತ್ತಿದ್ದರು. ಕ್ರೈಲ್ ದಿನವೂ ಬೆಳಿಗ್ಗೆ ಅವರ ಮಂಚದ ಬಳಿಗೇ ಮತ್ತಿನ ಮುಖವಾಡ ಕಳಿಸಿ ಚಿಕಿತ್ಸೆಯಂತೆ ಮೂಸಿಸುತ್ತಿದ್ದ, ಒಳಗೆ ಔಷಧ ಇರುತ್ತಿರಲಿಲ್ಲ. ರೋಗಿಗೆ ಅದು ರೂಢಿಯಾದ ಮೇಲೆ ಒಂದು ದಿನ ನಿಜವಾದ ಮತ್ತು ಬರುತ್ತಿತ್ತು. ಎಚ್ಚರವಾಗುವಷ್ಟರಲ್ಲಿ ಗಂಟು ಮಾಯ. ಗ್ರಂಥಿಯನ್ನು ಕದಿಯುವುದು ಎಂದೇ ಅದಕ್ಕೆ ಹೆಸರಾಯಿತು. ರೋಗಿಗೆ ಹೇಳದೆ ಆಪರೇಶನ್ ಮಾಡುವ ಈ ಕಳ್ಳಾಟ ಇಂದು ಯಾರೂ ಒಪ್ಪುವಂಥದ್ದಲ್ಲ. ಆದರೂ ಅಂಜಿಕೆಯನ್ನು ರೋಗದಷ್ಟೇ ಗಂಭೀರವಾಗಿ ತೆಗೆದುಕೊಂಡ ಮೊದಲ ಸರ್ಜನ್ನರಲ್ಲಿ ಕ್ರೈಲ್ ಒಬ್ಬ.

ಕದಿಯುವ ಬದಲು ಹೇಳಿಬಿಟ್ಟರೆ? ಇಷ್ಟು ಸರಳವಾದ ಪ್ರಶ್ನೆ ಕೇಳಲು ಇನ್ನೂ ಅರ್ಧ ಶತಮಾನ ಬೇಕಾಯಿತು. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಅರಿವಳಿಕೆ ವಿಭಾಗದ ಹಿರಿಯ ಹೆನ್ರಿ ಬೀಚರ್ 1944ರಲ್ಲಿ ಇಟಲಿಯ ಆಂಜಿಯೋ ರಣಭೂಮಿಯಲ್ಲಿ ದೊಡ್ಡ ಗಾಯವಾದ ಸೈನಿಕರೂ ಮಾರ್ಫಿನ್ ಬೇಡವೆನ್ನುವುದನ್ನು ಕಂಡು ಬೆರಗಾಗಿ ಬಂದವರು. ಜೀವಂತವಾಗಿ ಮನೆಗೆ ಹೋಗುತ್ತೇವೆಂಬ ನೆಮ್ಮದಿ ಅವರ ನೋವನ್ನು ನುಂಗಿತ್ತು. 1963ರಲ್ಲಿ ಬೀಚರರ ವಿಭಾಗದ ಲಾರೆನ್ಸ್ ಎಗ್ಬರ್ಟ್ ಆಪರೇಶನ್ನಿಗೆ ಮೊದಲು ಕೆಲವು ರೋಗಿಗಳಿಗೆ ನಿದ್ದೆ ಔಷಧ ಕೊಡಿಸಿದರು, ಕೆಲವರ ಬಳಿ ಹಿಂದಿನ ದಿನವೇ ಹೋಗಿ ಕೂತು ನಾಳೆ ಏನೇನು ನಡೆಯುತ್ತದೆಂದು ಮಾತಾಡಿದರು. ಔಷಧ ಪಡೆದವರು ತೂಕಡಿಸುತ್ತ ಬಂದರು, ಒಳಗಿನ ಕಳವಳ ಹಾಗೇ ಇತ್ತು. ಮಾತು ಕೇಳಿದವರು ಎಚ್ಚರವಾಗಿದ್ದು ಶಾಂತವಾಗಿದ್ದರು.

ಮರುವರ್ಷ ಹೊಟ್ಟೆಯ ಆಪರೇಶನ್ನಿನ 97 ರೋಗಿಗಳನ್ನು ಆರಿಸಿ, ಅವರಲ್ಲಿ 46 ಜನರಿಗೆ ಎಗ್ಬರ್ಟ್ ಬಳಗ ಮೊದಲೇ ಹೇಳಿತು: ಎಚ್ಚರವಾದ ಮೇಲೆ ಇಲ್ಲಿ ನೋಯುತ್ತದೆ, ಇಷ್ಟು ನೋಯುತ್ತದೆ, ಹೊಟ್ಟೆಯ ಸ್ನಾಯು ಬಿಗಿಹಿಡಿಯುವುದರಿಂದ ಅದು ಹೆಚ್ಚುತ್ತದೆ, ಹೀಗೆ ಉಸಿರೆಳೆದು ಹೀಗೆ ಮಗ್ಗುಲಾದರೆ ಸಡಿಲಾಗುತ್ತದೆ. ಯಾರಿಗೆ ಹೇಳಿದ್ದಾರೆ, ಯಾರಿಗೆ ಇಲ್ಲ ಎಂಬುದು ಸರ್ಜನ್ನರಿಗೆ ಗೊತ್ತಿರಲಿಲ್ಲ. ಆ 46 ಜನ ನೋವಿನ ಔಷಧವನ್ನು ಉಳಿದವರ ಅರ್ಧದಷ್ಟೇ ಕೇಳಿದರು. ಸರಾಸರಿ 2.7 ದಿನ ಮೊದಲೇ ಮನೆಗೆ ಹೋದರು.

ಕ್ಲೋರೋಫಾರ್ಮ್ ಆಪರೇಶನ್ ಕೋಣೆಗಳಿಂದ ಮರೆಯಾಯಿತು. ಯಲವಿಗಿಯಿಂದ ಹುಬ್ಬಳ್ಳಿ ಗಾಡಿ ಹತ್ತುವವರನ್ನು ಈಗ ಆಪರೇಶನ್ನಿಗೆ ಮೊದಲು ಅರಿವಳಿಕೆ ವೈದ್ಯರು ನೋಡುತ್ತಾರೆ. ಕೇಸ್ ಪೇಪರಿನಲ್ಲಿ ಅದಕ್ಕೆ ಪಿಎಸಿ ಎಂದು ಹೆಸರು. ರೋಗಿಯ ಕಡೆಯವರ ಬಾಯಲ್ಲಿ ಅದು ‘ಫಿಟ್‌ನೆಸ್’. ಬಿಪಿ, ಶುಗರ್, ಅಲುಗಾಡುವ ಹಲ್ಲು, ಕೊನೆಯ ಊಟದ ಹೊತ್ತು ಎಲ್ಲಕ್ಕೂ ಆ ಕಾಗದದಲ್ಲಿ ಜಾಗವಿರುತ್ತದೆ. ಅಂಜಿಕೆಗೆ ಸಾಮಾನ್ಯವಾಗಿ ಇರುವುದಿಲ್ಲ.